ಬಾಟಲಿ ಮುಚ್ಚಳದ ಹಗ್ಗ

ಜುಲೈ. ಕಟೇಟೆಯ ನೆಲ ಸುಟ್ಟ ಹೆಂಚಿನಷ್ಟು ಗಟ್ಟಿ.
ಮಳೆಗೆ ಇನ್ನೂ ನಾಲ್ಕು ತಿಂಗಳು,
ಊರೆಲ್ಲ ಮದುವೆಗಳ ಬಿಯರಿನ ಗುಂಗಿನಲ್ಲಿರುವಾಗ
ನನ್ನಜ್ಜಿ ಜೆಲೇಸಿ ಗುಂಡಿ ತೋಡುತ್ತಿದ್ದಳು.

ಒಂದು ಹಗ್ಗ. ಒಂದೂವರೆ ಮೊಳಕ್ಕೊಂದರಂತೆ
ಅದಕ್ಕೆ ಚಪ್ಪಟೆ ಬಡಿದು ಕಟ್ಟಿದ ಸೋಡಾ ಮುಚ್ಚಳ.
ಮುಚ್ಚಳವಿದ್ದಲ್ಲಿ ಗುದ್ದಲಿ, ಗುದ್ದಲಿ ಬಿದ್ದಲ್ಲಿ ಗುಂಡಿ:
ಗೇಣಾಳ, ಒಂದೂವರೆ ಗೇಣುದ್ದ,
ಅಗಲ ಗುದ್ದಲಿಯ ಬಾಯಷ್ಟೇ.
"ಯಾರು ಸತ್ತರು ಜೆಲೇಸಿ, ಇಷ್ಟೊಂದು ಗೋರಿ?"
ದಾರಿಹೋಕರು ಸೈಕಲ್ಲಿಂದ ಇಳಿಯದೆಯೇ ಕೇಳುವರು.
"ಜೋಳಕ್ಕೆ," ಅನ್ನುವಳು ಬೆನ್ನೆತ್ತದೆ,
"ಹೂತರೆ ಎದ್ದು ಬರೋದು ಅದೊಂದೇ."

ಹೊಲದ ನಡುವೆ ಮುಸಂಗು ಮರ. ತಿರುಗುಮುರುಗು ಬುದ್ಧಿಯದು:
ಒಣಗಾಲದಲ್ಲಿ ಹಸಿರು, ಮಳೆ ಬಿದ್ದೊಡನೆ ಬೋಳು,
ಬೆಳೆಗೆ ಬಿಸಿಲು ಬಿಟ್ಟುಕೊಟ್ಟು ತಾನು ನಿದ್ದೆ.
ಅಜ್ಜಿ ಅದನ್ನು ಮಾತಾಡಿಸುತ್ತಿದ್ದಳು. ತಾತನನ್ನು ಅಷ್ಟಿಲ್ಲ.

ಕುಯ್ಲಾದ ಮೇಲೆ ದಂಟು ಸುಡುವುದು ನಮ್ಮಲ್ಲಿ ರೂಢಿ.
ಸುಟ್ಟರೆ ಇಲಿಯ ಬಿಲ ಕಾಣುತ್ತದೆ,
ಕಂಡರೆ ಅಗೆಯಬಹುದು, ಅಗೆದರೆ
ಸೀಳಿದ ಕಡ್ಡಿಯ ನಡುವೆ ಸಾಲಾಗಿ ಹತ್ತು ಹತ್ತು,
ಉಪ್ಪುನೀರಲ್ಲಿ ಕುದಿದು, ಬಿಸಿಲಲ್ಲಿ ಒಣಗಿ,
ಬಿಳಿ ನ್ಶಿಮ ಮುದ್ದೆಯ ಜೊತೆ.
ರುಚಿ ಗೊತ್ತಿಲ್ಲದವರು ಮೂಗು ಮುರಿಯಲಿ.
ಅಜ್ಜಿಗೂ ಇಷ್ಟವೇ. ಬಾಲ ಮೊದಲು ಕಡಿಯುವಳು.

ಆದರೆ ಅವಳ ಹೊಲದಲ್ಲಿ ದಂಟೆಂದರೆ ಹೊದಿಕೆ.
"ಮಣ್ಣಿಗೂ ಚಳಿಯಾಗತ್ತೆ, ಬಿಸಿಲು ತಾಗತ್ತೆ,
ನೀನು ಬೆತ್ತಲೆ ಮಲಗ್ತೀಯೇನೋ?"
ಹೊದಿಕೆಯಡಿ ಗೆದ್ದಲು, ಎರೆಹುಳು, ಅಷ್ಟಿಷ್ಟು ತೇವ,
ಮತ್ತು ಇಡೀ ಊರಿನಲ್ಲೇ ಹೆಚ್ಚು ಇಲಿ.

ನನಗೆ ಹನ್ನೊಂದು. ಮಸಾವುಸೊ ಬೆಂಕಿಪೊಟ್ಟಣ ತಂದ,
ಯೋಬೆ ನಾಯಿ ತಂದ. ನಾನು ತಂದದ್ದು
ಅಜ್ಜಿ ಸಂತೆಗೆ ಹೋದ ಸುದ್ದಿ.
ಓದಲು ಕಲಿತ ಹುಡುಗನಂತೆ ಬೆಂಕಿ
ಸಾಲು ಬಿಡದೆ ಸಾಲು ಮುಗಿಸಿತು;
ಗಾಳಿ ತಿರುಗಿ, ಮುಸಂಗುವಿನ ಆಚೆಯ ಪಟ್ಟಿಯೊಂದು ಉಳಿಯಿತು.
ನಲವತ್ತಮೂರು ಇಲಿ. ಎಣಿಸಿದವನು ನಾನೇ.

ಸಂಜೆ ಬಂದವಳು ಬೈಯಲಿಲ್ಲ.
ಬೂದಿಯಲ್ಲಿ ಬರಿಗಾಲಲ್ಲಿ ಆ ತುದಿವರೆಗೆ ನಡೆದು ಬಂದಳು.
ಕೂತು ಇಲಿ ತಿಂದಳು, ತನ್ನ ಪಾಲಿನಷ್ಟು.
ಕೈ ತೊಳೆದು ಕೇಳಿದಳು:
"ಜನವರಿಗೆ ಏನು ತಿಂತೀಯ?"

ಜನವರಿ ಅಂದರೆ ನಮ್ಮಲ್ಲಿ ಕಣ್ಣಿಗೆಲ್ಲ ಹಸಿರು, ಬಾಯಿಗಿಲ್ಲ.
ಕಣಜದ ತಳ ಕೆರೆಯುವ ಸದ್ದು ಮನೆಯಿಂದ ಮನೆಗೆ ಕೇಳುತ್ತದೆ,
ಕೇಳಿಸದ ಹಾಗೆ ಇರುವುದು ಮರ್ಯಾದೆ.
ಆ ವರ್ಷ ಮಳೆ ಬಂತು, ಬಂದು
ಹದಿನೆಂಟು ದಿನ ದಾರಿ ಮರೆಯಿತು.
ಸುಟ್ಟ ಕಡೆ ಜೋಳ ಎಲೆ ಸುರುಳಿ ಸುತ್ತಿಕೊಂಡಿತು,
ಸಿಗರೇಟಿನಂತೆ, ಒಂದೊಂದೇ.
ಉಳಿದ ಪಟ್ಟಿಯಲ್ಲಿ ನಾನು ದಂಟು ಸರಿಸಿ
ಗುಂಡಿಯೊಳಗೆ ಬೆರಳಿಟ್ಟೆ. ತಣ್ಣಗಿತ್ತು.
ಯಾರಿಗೂ ಹೇಳಲಿಲ್ಲ. ಫೆಬ್ರವರಿಯಲ್ಲಿ
ಆರು ಜನ ಆ ಪಟ್ಟಿಯ ಹಸಿ ತೆನೆ ತಿಂದೆವು,
ಏಳನೆಯ ಪಾಲು ಮಸಾವುಸೊನ ಮನೆಗೆ ಹೋಯಿತು,
ಕತ್ತಲಾದ ಮೇಲೆ, ಸೆರಗಿನಡಿ.

ಮುಂದಿನ ಜುಲೈ ಹಗ್ಗದ ಒಂದು ತುದಿ ನನ್ನ ಕೈಗೆ ಕೊಟ್ಟಳು.
ಶಿಕ್ಷೆಯೋ ಆಸ್ತಿಯೋ ಆಗ ತಿಳಿಯಲಿಲ್ಲ.
ಈಗಲೂ ಸೊಂಟ ಒಂದು ಹೇಳುತ್ತದೆ, ಕಣಜ ಒಂದು.

ಅವಳು ಹೋದ ದಿನ ಗುಂಡಿಯ ಅಳತೆಗೆ
ಯಾರೋ ಆ ಹಗ್ಗವನ್ನೇ ಎಳೆದು ತಂದರು.
ಮೂರು ಮುಚ್ಚಳ, ಮೇಲೊಂದು ಗೇಣು,
ಅಷ್ಟೇ ಇದ್ದಳು ನನ್ನಜ್ಜಿ.

ಮೊನ್ನೆ ಹುಡುಗರು ಬಂದಿದ್ದರು, ನಾಯಿಯೂ ಇತ್ತು.
ಜೇಬು ತೋರಿಸಿ ಅಂದೆ. ಬೆಂಕಿಪೊಟ್ಟಣ ಇಸಿದುಕೊಂಡು
ಗುದ್ದಲಿ ಕೊಟ್ಟು ಕಳಿಸಿದೆ: "ಅಗೆದು ಹಿಡೀರಿ,
ದಂಟು ಇದ್ದ ಹಾಗೇ ಮುಚ್ಚಿ."
ಸಂಜೆ ಹೊಸಿಲ ಮೇಲೆ ಎರಡು ಇಲಿ ಇಟ್ಟು ಹೋಗಿದ್ದರು.
ಬಾಲದಿಂದ ಶುರುಮಾಡಿದೆ.