ಪತ್ತನಾಜೆಯ ಮರುದಿನ

ಮೇಳದವರು ಗೆಜ್ಜೆ ಬಿಚ್ಚಿದ ಮರುದಿನ
ಬೋಳೂರಿನ ಶೆಡ್ಡಿನಲ್ಲಿ ನಾನು
ಬ್ಯಾಟರಿಯ ತಂತಿ ಬಿಚ್ಚುತ್ತೇನೆ.
ಕೆಂಪು ಕಾರು, ಎರಡೇ ಬಾಗಿಲು, ಮೂರನೇ ಕೈಯದು.
ಹೊಟ್ಟೆಗೂ ನೆಲಕ್ಕೂ ನಾಲ್ಕೇ ಬೆರಳು;
ಮಳೆಗಾಲದ ಹೊಂಡ ಇದಕ್ಕೆ ಆಗದು.

ಚಕ್ರದಡಿ ಹಲಸಿನ ಹಲಗೆ,
ಇಲಿ ನುಗ್ಗದ ಹಾಗೆ ಸೈಲೆನ್ಸರಿಗೆ ಬೈರಾಸು,
ಸೀಟಿನಲ್ಲಿ ಕರ್ಪೂರ,
ಉಪ್ಪುಗಾಳಿಗೆ ಗ್ರೀಸು,
ಎಲ್ಲದರ ಮೇಲೆ ಹಳೆ ಹೊದಿಕೆ.
“ನನ್ನ ಬಾಣಂತನಕ್ಕೂ ಇಷ್ಟು ಇರಲಿಲ್ಲ”
ಅಂದಳು ಜಲಜಾಕ್ಷಿ.

ಆಟಿಯ ಒಂದು ರಾತ್ರಿ ಕರೆಂಟಿಲ್ಲ.
ತಗಡಿನ ಮೇಲೆ ಮಳೆ, ಕಿವಿ ಕಿವುಡು.
ಹೊದಿಕೆಯೊಳಗೆ ನುಸುಳಿ ಕೂತೆ.
ಒಂದು, ಎರಡು, ಐದನೇ ಗೇರು.
ಪಡುಬಿದ್ರಿ ದಾಟಿತು,
ಕಾಪುವಿನ ದೀಪಸ್ತಂಭ ಎಡಕ್ಕೆ ಸರಿಯಿತು.

ಆಚೆ ಬಾಗಿಲು ತೆರೆಯಿತು.
ಒದ್ದೆ ಕೊಡೆ ಕಾಲಡಿ ಇಟ್ಟು
ಅವಳು, ಕತ್ತಲಲ್ಲಿ,
ಬೆಲ್ಟು ಹುಡುಕಿದಳು.