ಹದಿನೆಂಟು ಗ್ರಾಂ

ಕುಂಕುಮದ ಡಬ್ಬಿಯಷ್ಟು ಇತ್ತು,
ಬೆನ್ನ ಮೇಲೊಂದು ಬಾಣದ ಗುರುತು.
ಎಸ್.ಪಿ. ರೋಡಿನಲ್ಲಿ ಚೌಕಾಸಿ ಮಾಡಿ ತಂದ ಜಿಪಿಎಸ್ಸಂತೆ.
"ಪಂಕಜಾಂಟಿ, ನಿಮ್ಮ ಕೈ ನಡುಗಲ್ಲವಲ್ಲ,
ಇದನ್ನ ಹೆಲಿಕಾಪ್ಟರಿಗೆ ಕೂರಿಸಿಕೊಡಿ" ಎಂದ ಸುಹೇಲ.

ನಡುಗುತ್ತೆ ಕಣೋ, ಟೀ ಲೋಟ ಹಿಡಿದಾಗ.
ಚಿಮುಟ ಹಿಡಿದರೆ ಮಾತ್ರ ಇಲ್ಲ.
ಇಪ್ಪತ್ತೇಳು ವರ್ಷ ಜಾಲಹಳ್ಳಿಯ ಕಾರ್ಖಾನೆಯಲ್ಲಿ
ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡು
ಗಡಿಯಾರಕ್ಕೆ ಮುಳ್ಳು ಕೂರಿಸಿದವಳು ನಾನು.
ಉಸಿರು ಬಿಡುವುದಕ್ಕೂ ಹೊತ್ತು ನೋಡುತ್ತಿದ್ದೆವು,
ಸೆಕೆಂಡಿನ ಮುಳ್ಳು ಹಾರಿಹೋದೀತೆಂದು.

ಹುಣಿಸೆ ಬಿಡಿಸಿದ ಪೇಪರಿನ ಮೇಲೆ ಹೆಲಿಕಾಪ್ಟರು.
ನಟ್ಟನಡುವೆ ಇಡೋಣ, ಅಲ್ಲಿ ಅಲುಗಾಟ ಕಡಿಮೆ, ಅಂದೆ.
"ಅಲ್ಲಿ ಮೋಟರಿದೆ ಆಂಟಿ, ಇದರೊಳಗಿನ ದಿಕ್ಸೂಚಿಗೆ
ತಲೆ ಕೆಡುತ್ತೆ, ಉತ್ತರಾನೇ ಪೂರ್ವ ಅನ್ನುತ್ತೆ."
ಮೋಟರು ಸುತ್ತುವ ಅಂಗಡಿಯವನ ಮಗ,
ತಾಮ್ರದ ತಂತಿಯ ಬುದ್ಧಿ ಅವನಿಗೆ ಹಾಲಿನೊಂದಿಗೇ ಬಂದದ್ದು.
ನನಗೂ ಗೊತ್ತು ಅದು. ಆಯಸ್ಕಾಂತ ಸೋಕಿದ ಗಡಿಯಾರ
ನಿಲ್ಲುವುದಿಲ್ಲ; ಓಡುತ್ತದೆ,
ದಿನಕ್ಕೆ ಹತ್ತು ನಿಮಿಷ ಮುಂದೆ,
ಒಂದಿಷ್ಟೂ ಸಂಶಯವಿಲ್ಲದೆ.

ಹಾಗಾದರೆ ಬಾಲಕ್ಕೆ.
ತುದಿಗೆ ಬೇಡ, ಅಲ್ಲೂ ಒಂದು ಚಕ್ರ ತಿರುಗುತ್ತದೆ.
ನಡುಬಾಲದ ಮೇಲೆ, ಆಕಾಶಕ್ಕೆ ಮುಖ,
ಬಾಣ ಮೂಗಿನ ಕಡೆಗೆ.
ಕೂರಿಸಿದ್ದೇ ತಡ, ಬಾಲ ಕುಸಿಯಿತು.
ಹದಿನೆಂಟೇ ಗ್ರಾಂ!
ರೆಕ್ಕೆಯ ಬುಡವನ್ನು ಎರಡು ಬೆರಳಲ್ಲಿ ಎತ್ತಿ ಹಿಡಿದು
ಚಿನ್ನ ತೂಗುವವರ ಹಾಗೆ ಒಂದು ಕಣ್ಣು ಮುಚ್ಚಿದೆ.
ಬ್ಯಾಟರಿ ಮುಂದಕ್ಕೆ ತಳ್ಳು. ಇನ್ನೊಂದು ಎಳ್ಳಷ್ಟು.
ಇನ್ನೊಂದು. ಹ್ಞಾಂ. ಈಗ ಉಸಿರಾಡು.

ಕಂಪನಕ್ಕೆ ಮೆತ್ತೆ ಬೇಕಿತ್ತು.
ಪಾತ್ರೆ ಉಜ್ಜುವ ಸ್ಪಂಜು ಒರಟು.
ಬೀರು ತೆಗೆದು, ಸ್ವಯಂನಿವೃತ್ತಿಯ ದಿನ ಕೊಟ್ಟ
ಗಡಿಯಾರದ ಡಬ್ಬಿ ಬಿಚ್ಚಿ
ಒಳಗಿನ ನೀಲಿ ಸ್ಪಂಜು ಕತ್ತರಿಸಿಕೊಟ್ಟೆ.
ಸುಹೇಲ ಏನೂ ಕೇಳಲಿಲ್ಲ, ಅಳತೆ ಬರೆದುಕೊಂಡ.
ಆ ಗಡಿಯಾರ ಈಗ ಡಬ್ಬಿಯಲ್ಲಿ ಲೊಟಲೊಟ ಅನ್ನುತ್ತದೆ.

ಭಾನುವಾರ ಮೈದಾನಕ್ಕೆ ಹೊರಟವರು
ಬೇಕರಿಯ ಮುಂದೆ ನಿಂತೆವು, ದಿಲ್‌ಪಸಂದ್ ತಿನ್ನಲು.
ಅಲ್ಲಿನ ಹುಡುಗರಿಗೆ ತೋರಿಸಲೆಂದು ಸ್ವಿಚ್ ಹಾಕಿದ.
ಕೆಂಪು ದೀಪ ಮಿಟುಕುತ್ತಾ ಮಿಟುಕುತ್ತಾ...
ನಾಲ್ಕು, ಆರು, ಒಂಬತ್ತು ಎಂದು ಎಣಿಸಿದ. ಹಸಿರು.
ಏನದು ಎಣಿಸಿದ್ದು?
"ಉಪಗ್ರಹ. ಒಂದೊಂದೂ ಮೇಲಿಂದ ತನ್ನ ಟೈಮು ಹೇಳ್ತಿರುತ್ತೆ,
ಎಷ್ಟು ತಡವಾಗಿ ಕೇಳಿಸ್ತೋ ಅಷ್ಟು ದೂರ."
ದಿಲ್‌ಪಸಂದು ಕೈಯಲ್ಲೇ ಉಳಿಯಿತು.
ಅಂದರೆ ಮೇಲಿರುವುದು ಗಡಿಯಾರಗಳೇ?
ಎಲ್ಲಿದ್ದೇವೆ ಎಂದು ತಿಳಿಯಲು
ಗಂಟೆ ಎಷ್ಟು ಎಂದು ಕೇಳಿದರೆ ಸಾಕೇ?
ಅವಕ್ಕೆ ಮುಳ್ಳು ಕೂರಿಸುವವರು ಯಾರು?
"ಮುಳ್ಳಿರಲ್ಲ ಆಂಟಿ."
ಅದೊಂದು ನನಗೆ ಸೇರಲಿಲ್ಲ.
ದೀಪ ಆರಿಸದೆ ಹಾಗೆಯೇ ಹೊರಟೆವು.

ಮೈದಾನದಲ್ಲಿ ಎದ್ದಿತು.
ಹದ್ದೊಂದು ಬಂದು ವಿಚಾರಿಸಿಕೊಂಡು ಹೋಯಿತು.
ಗಾಳಿ ತಳ್ಳಿದರೆ ತಡವರಿಸಿ ಮತ್ತೆ ಅದೇ ಜಾಗದಲ್ಲಿ
ಮೊಳೆ ಹೊಡೆದ ಹಾಗೆ ನಿಂತಿತು.
"ಈಗ ಮನೆಗೆ ಬಾ ಅಂತೀನಿ, ನೋಡಿ."
ಗುಂಡಿ ಒತ್ತಿದ. ಮೂಗು ತಿರುಗಿಸಿತು.
ನಮ್ಮ ತಲೆಯ ಮೇಲೇ ಹಾದು, ಬೇವಿನ ಮರ ದಾಟಿ,
ನೆಟ್ಟಗೆ, ನಿರಾಳವಾಗಿ,
ಬೇಕರಿಯ ಕಡೆ ಹೊರಟಿತು.

ಸುಹೇಲ ಕೂಗುತ್ತಾ, ಕಡ್ಡಿ ಎಳೆಯುತ್ತಾ ಓಡಿದ.
ಮೊದಲು ಹಸಿರು ಹತ್ತಿದ್ದು ಅಲ್ಲಿ; ಅದಕ್ಕೆ ಅದೇ ಮನೆ.
ಬೈಯಬೇಡ ಕಣೋ ಅದನ್ನ, ಎಂದು ಹಿಂದಿನಿಂದ ಕೂಗಿದೆ.
ಕಾರ್ಖಾನೆ ಮುಚ್ಚಿದ ಮೇಲೆ ಎಷ್ಟೋ ಬೆಳಿಗ್ಗೆ
ಹಾಲಿಗೆಂದು ಹೊರಟವಳು
ಆರೂ ಮುಕ್ಕಾಲಿನ ಬಸ್‌ಸ್ಟಾಪಿನಲ್ಲಿ ನಿಂತಿರುತ್ತಿದ್ದೆ,
ಖಾಲಿ ಕ್ಯಾನು ಹಿಡಿದು.

ತೆಂಗಿನ ಗರಿಗೆ ಇನ್ನು ಗೇಣಷ್ಟೇ ಎನ್ನುವಾಗ ಹಿಡಿತಕ್ಕೆ ಸಿಕ್ಕಿತು.
ಇಳಿಸಿದ ಮೇಲೆ ಮೊಣಕಾಲೂರಿ ಮುಟ್ಟಿ ನೋಡಿದೆ:
ಮೋಟರು ಬಿಸಿ, ಬ್ಯಾಟರಿ ಬಿಸಿ.
ಸ್ಪಂಜು ಕೂದಲೆಳೆಯಷ್ಟೂ ಜರುಗಿರಲಿಲ್ಲ.