ಇಳಿಯುವಾಗ ತಗೊಳ್ಳಿ

ಏಳನೇ ಮಂಚದ ಜಬ್ಬಾರ್ ಸಾಬರು
ಮೂವತ್ತೊಂದು ವರ್ಷ ಸಿಟಿ ಬಸ್ಸಿನ ಕಂಡಕ್ಟರು.
ಈಗ ನಾಲ್ಕು ಗಂಟೆಗೊಮ್ಮೆ ಮಾರ್ಫಿನ್,
ಎರಡು ಗಂಟೆಗೊಮ್ಮೆ ಮಗ್ಗುಲು,
ತುಟಿ ಒಣಗಿದಾಗಲೆಲ್ಲ ಒದ್ದೆ ಹತ್ತಿ.
ನೀರು ಕೇಳುವುದಿಲ್ಲ. ಚಿಲ್ಲರೆ ಕೇಳುತ್ತಾರೆ.

ಚಾರ್ಟಿನಲ್ಲಿ ಬರೆದದ್ದು: ಗೊಂದಲ, ಹೊದಿಕೆ ಕೀಳುವುದು.
ಕೊನೆಗೆ ಬೆರಳುಗಳು ಗಾಳಿ ಹೆಕ್ಕುತ್ತವೆ, ಪುಸ್ತಕದಲ್ಲಿದೆ,
ಹೊಸದಾಗಿ ಸೇರಿದ ಲಿಡಿಯಾ ಓದಿಕೊಂಡು ಬಂದಿದ್ದಾಳೆ.
ಹೆಕ್ಕುವುದಲ್ಲ, ನೋಡು ಅಂದೆ:
ಎಡಗೈಯಲ್ಲಿ ಕಂತೆ,
ಬಲ ಹೆಬ್ಬೆರಳು ನಾಲಿಗೆಗೆ ಮುಟ್ಟಿಸಿ
ಚರ್ರನೆ ಒಂದು ಚೀಟಿ.
ಹಳೆಯ ಹೊದಿಕೆ, ಅಂಚು ಮೂರು ಕಡೆ ಹರಿದಿದೆ.
ಲಾಂಡ್ರಿಯವರಿಗೆ ಏನು ಹೇಳುವುದೋ.

ಮೊದಮೊದಲು ನಾನೂ
"ಇದು ಬಸ್ಸಲ್ಲ ಸಾಬ್ರೇ" ಅನ್ನುತ್ತಿದ್ದೆ.
ಹನ್ನೊಂದು ವರ್ಷದಲ್ಲಿ ಬಂದ ಬುದ್ಧಿ ಒಂದೇ:
ಹೊರಟವರ ವಿಳಾಸ ತಿದ್ದಬಾರದು.
ತಿಗಳರಪೇಟೆಯ ಮುನಿನಂಜಮ್ಮ
ದಾರವಿಲ್ಲದೆ, ಹೂವಿಲ್ಲದೆ, ಮಲಗಿದಲ್ಲೇ
ಮೂರು ದಿನ ಕನಕಾಂಬರ ಕಟ್ಟಿದಳು.
ಮೊಳ ಹಾಕುವಾಗ ಮಾತ್ರ ತನ್ನ ತೋಳು ನೋಡಿ ನಿಂತಳು.
"ಈ ಕಡ್ಡೀಲಿ ಅಳೆದರೆ ಗಿರಾಕಿಗೆ ಮೋಸ ಕಣಮ್ಮಾ,
ನಿನ್ನ ಕೈ ಕೊಡು."
ಕೊಟ್ಟೆ. ಮೊಣಕೈಯಿಂದ ನಡುಬೆರಳ ತುದಿಗೆ
ಒಂಬತ್ತು ಸಲ.
ಅವತ್ತು ರೌಂಡ್ಸಿಗೆ ತಡವಾಗಿ ಬೈಸಿಕೊಂಡೆ.

ಸರಿ, ಜಬ್ಬಾರ್ ಸಾಬರು.
ರಾತ್ರಿ ಎರಡೂವರೆಗೆ ಉಸಿರಿನ ನಡೆ ಬದಲಾಯಿತು.
ಏಳೆಂಟು ಬಿರುಸು, ಆಮೇಲೆ ಏನೂ ಇಲ್ಲ.
ಆ ಏನೂ ಇಲ್ಲದ್ದನ್ನು ಎಣಿಸುವುದು ನಮ್ಮ ಕೆಲಸ.
ಹದಿನೆಂಟು ಸೆಕೆಂಡು. ಇಪ್ಪತ್ತೆರಡು.
ಮತ್ತೆ ಎಳೆದುಕೊಂಡು, ಸ್ಪಷ್ಟವಾಗಿ,
"ದೊಮ್ಮಲೂರು."
ಹೆಂಡತಿ ಶಂಷಾದ್ ಬಿ ಜಪಮಣಿ ನಿಲ್ಲಿಸಿ
ನನ್ನ ಮುಖ ನೋಡಿದರು.
"ಮುರುಗೇಶ್‌ಪಾಳ್ಯ."
ಮೂವತ್ತು ಸೆಕೆಂಡು.
"ಮುಂದೆ ಹೋಗ್ರೀ, ಒಳಗೆ ಜಾಗ ಇದೆ."

ಯಾರಿಗಂದರೋ.
ಬಾಗಿಲಲ್ಲಿದ್ದವಳು ಲಿಡಿಯಾ ಒಬ್ಬಳೇ.
ಪಾಪ, ನಿಜಕ್ಕೂ ಒಳಗೆ ಬಂದು
ಹಿಂದಿನ ಗೋಡೆಗೆ ಒತ್ತಿ ನಿಂತಳು.

ಆಮೇಲೆ ನನ್ನ ಅಂಗೈ ಮಗುಚಿಸಿ
ಉಗುರಿನಿಂದ ಏನೋ ಗೀಚಿದರು:
ಮೂರು, ಸುತ್ತ ಒಂದು ಸೊನ್ನೆ.
"ಇಳಿಯುವಾಗ ತಗೊಳ್ಳಿ."
ಶಂಷಾದ್ ಬಿ ನಕ್ಕೇಬಿಟ್ಟರು, ಸೆರಗು ಬಾಯಿಗಿಟ್ಟು.
"ಜನ ಮರೆತು ಇಳಿದುಹೋಗ್ತಾರೆ ಸಿಸ್ಟರ್.
ಎರಡು ರೂಪಾಯಿ, ಮೂರು ರೂಪಾಯಿ.
ಅದಕ್ಕೇ ಈ ಮನುಷ್ಯನಿಗೆ ನಿದ್ದೆ ಬರ್ತಿರಲಿಲ್ಲ.
ಒಂದು ಹಾರ್ಲಿಕ್ಸ್ ಬಾಟಲಿ ತುಂಬಾ ಯಾರದೋ ಬಾಕಿ,
ಇನ್ನೂ ಮನೇಲಿದೆ."

ಹೋದಾಗ ನಾನಿರಲಿಲ್ಲ.
ಮೂರನೇ ಮಂಚಕ್ಕೆ ಬೆಡ್‌ಪ್ಯಾನ್ ಬೇಕಿತ್ತು.
ಶಂಷಾದ್ ಬಿ ಬೆಳಗಿನ ನಮಾಜಿಗೆ ಕೈಕಾಲು ತೊಳೆಯುತ್ತಿದ್ದರು.
ಲಿಡಿಯಾ ಇದ್ದಳು, ಕಿಟಕಿ ಕಡೆ ತಿರುಗಿದ್ದಳಂತೆ,
ಎಚ್‌ಎಎಲ್ ಕಡೆಯಿಂದ ಯಾವುದೋ ವಿಮಾನ ಏಳುತ್ತಿತ್ತಂತೆ.
ಹೀಗೇ ಆಗುತ್ತದೆ.
ಇಡೀ ರಾತ್ರಿ ಕಾದವರು
ಹಲ್ಲುಜ್ಜಿ ಬರುವಷ್ಟರಲ್ಲಿ.
"ನಿಮ್ಮ ತಪ್ಪಲ್ಲ" ಎಂಬುದನ್ನು
ಈ ಊರಿನ ಆರು ಭಾಷೆಯಲ್ಲಿ ಕಲಿತಿದ್ದೇನೆ.
ಯಾವುದರಲ್ಲೂ ನನ್ನ ಉಚ್ಚಾರಣೆ ಸರಿಯಿಲ್ಲ.

ಕಣ್ಣು ಮುಚ್ಚಿದೆ. ಗಲ್ಲಕ್ಕೆ ಬಟ್ಟೆ ಕಟ್ಟಿದೆ.
ಕಾಲಿನ ಹೆಬ್ಬೆರಳು ಎರಡನ್ನೂ ಕೂಡಿಸಿದೆ.
ಎಡಗೈ ಮಾತ್ರ ಮುಷ್ಟಿ, ಕಂತೆ ಬಿಟ್ಟಿರಲಿಲ್ಲ.
ಲಿಡಿಯಾ ಬಿಡಿಸಹೋದಳು.
ಇರಲಿ ಬಿಡು,
ಸ್ನಾನ ಮಾಡಿಸುವವರು ಬಿಡಿಸಿಕೊಳ್ಳಲಿ.

ಏಳೂಕಾಲರ ಬಸ್ಸು.
ಹೆಂಗಸರಿಗೆ ಈಗ ಸೊನ್ನೆ ಟಿಕೇಟು,
ಆಧಾರ್ ತೋರಿಸಿದರೆ ಸಾಕು,
ಯಾರದೂ ಯಾರಿಗೂ ಬಾಕಿಯಿಲ್ಲ.
ಆದರೂ ಚೀಟಿ ತಿರುಗಿಸಿ ನೋಡಿದೆ.
ಖಾಲಿ.
ದೊಮ್ಮಲೂರು ಬರುವಾಗ ಯಾಕೋ ಎದ್ದು
ಬಾಗಿಲ ಕಂಬ ಹಿಡಿದು ನಿಂತುಬಿಟ್ಟಿದ್ದೆ.
ಕಂಡಕ್ಟರ್ ಹುಡುಗ, ಮೀಸೆ ಇನ್ನೂ ಸರಿಯಾಗಿ ಬಂದಿಲ್ಲ,
"ಇಳೀತೀರಾ ಮೇಡಂ?" ಅಂದ.
ಇಲ್ಲ ಅಂದೆ.
"ಹಂಗಾದ್ರೆ ಇಳಿಯೋರಿಗೆ ದಾರಿ ಬಿಡಿ."

ಬಿಟ್ಟೆ.